ಇಂಟರ್‌ನೆಟ್ ಸಂಪರ್ಕ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ರೈತ ಬಾಂಧವರೇ, ಪಂಪ್‌ಸೆಟ್ ಓಡುತ್ತಿದ್ದೂ ತೋಟದ ಕಡೆಯ ಸಾಲಿಗೆ ನೀರು ಬಾರದಿದ್ದರೆ ನೀವು ಏನು ಮಾಡುತ್ತೀರಿ? ಕೊಳವೆ ಬಾವಿಯನ್ನೇ ಹೊಸದಾಗಿ ಕೊರೆಸಲು ಹೊರಡುವುದಿಲ್ಲ. ಬಾವಿಯ ಬಾಯಿಯಿಂದ ಆರಂಭಿಸಿ ಗೇಟ್ ವಾಲ್ವ್, ಫಿಲ್ಟರ್, ಮುಖ್ಯ ಪೈಪು, ಲ್ಯಾಟರಲ್, ಡ್ರಿಪ್ಪರ್ ಹೀಗೆ ಒಂದೊಂದನ್ನೇ ನೋಡುತ್ತಾ ಹೋಗುತ್ತೀರಿ. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆಯೇ.

ಆದರೆ ಮನೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಬಾರದಿದ್ದಾಗ ಇದೇ ವಿವೇಚನೆಯನ್ನು ನಾವು ಮರೆಯುತ್ತೇವೆ. ಕಂಡ ಕಂಡ ಗುಂಡಿ ಒತ್ತುತ್ತೇವೆ. ಬಂದವರು ಹೇಳಿದ್ದನ್ನೆಲ್ಲ ಮಾಡುತ್ತೇವೆ. ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸುತ್ತೇವೆ. ಪಹಣಿ, ಮಾರುಕಟ್ಟೆ ಧಾರಣೆ, ಸಹಾಯಧನದ ಅರ್ಜಿ, ವಾರಕ್ಕೆರಡು ಬಾರಿ ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆ, ಇವೆಲ್ಲವೂ ಇಂಟರ್‌ನೆಟ್ ಮೂಲಕವೇ ದೊರೆಯುವ ಈ ಕಾಲದಲ್ಲಿ ಸಂಪರ್ಕ ಕಡಿದುಹೋಗುವುದೆಂದರೆ ಸಕಾಲಿಕ ಮಾಹಿತಿ ಕೈತಪ್ಪುವುದು ಎಂದೇ ಅರ್ಥ. ಆದ್ದರಿಂದ ದೋಷವನ್ನು ಕ್ರಮಬದ್ಧವಾಗಿ ಹುಡುಕುವ ವಿಧಾನವನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು. ಈ ವಿಧಾನವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಹೊಸಕೋಟೆ ತಾಲ್ಲೂಕಿನ ಒಂದು ದ್ರಾಕ್ಷಿ ತೋಟದಲ್ಲಿ. ಅದೂ ನಷ್ಟವಾದ ಮೇಲೆ.

ನಡೆದ ಸಂಗತಿ

2004ರ ಅಕ್ಟೋಬರ್ ತಿಂಗಳು. ನಾನು ಆಗ ಜಿ.ಕೆ.ವಿ.ಕೆ. ಆವರಣದಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಸೂಲಿಬೆಲೆ ಹೋಬಳಿಯಲ್ಲಿ ನನ್ನ ಸೋದರಮಾವನವರಿಗೆ ಒಂದು ಎಕರೆ ಬೆಂಗಳೂರು ನೀಲಿ ದ್ರಾಕ್ಷಿಯ ತೋಟವಿತ್ತು. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗ ಒಂದು ಕಂಪ್ಯೂಟರ್ ಜೋಡಿಸಿಕೊಂಡು ಅದರಲ್ಲಿ ಲಿನಕ್ಸ್ ಹಾಕಿದ್ದ. ದೂರವಾಣಿ ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆಯನ್ನು ಸೇರಿಸಿ ಡಯಲ್-ಅಪ್ ಮೂಲಕ ಇಂಟರ್‌ನೆಟ್ ಪಡೆಯುತ್ತಿದ್ದರು. ಮಾವನವರು ಬಳ್ಳಿಯ ಸ್ಥಿತಿಗತಿಯನ್ನು ಮಗನ ಕೈಯಲ್ಲಿ ಇ-ಮೇಲ್ ಬರೆಸುತ್ತಿದ್ದರು. ನಾನು ಸಸ್ಯರೋಗ ವಿಭಾಗದ ಅಧ್ಯಾಪಕರನ್ನು ಕೇಳಿ ಉತ್ತರ ಬರೆಯುತ್ತಿದ್ದೆ. ತೋಟದ ಲೆಕ್ಕಪತ್ರವೂ ಅದೇ ಕಂಪ್ಯೂಟರಿನಲ್ಲಿತ್ತು. ಯಾವ ದಿನ ಸವರಿದ್ದು, ಯಾವಾಗ ಏನು ಸಿಂಪಡಿಸಿದ್ದು, ಯಾವ ವ್ಯಾಪಾರಿಗೆ ಎಷ್ಟು ಕೊಟ್ಟದ್ದು, ಹೀಗೆ ಮೂರು ವರ್ಷಗಳ ದಾಖಲೆ.

ಆ ತಿಂಗಳು ಸವರಿದ ಬಳ್ಳಿ ಚಿಗುರಿ ಹೂ ಕಾಣಿಸಿಕೊಳ್ಳುವ ಹೊತ್ತಿಗೆ ಮೋಡ ಕವಿಯಿತು. ಇಂಥ ವಾತಾವರಣದಲ್ಲಿ ನೀಲಿ ದ್ರಾಕ್ಷಿಗೆ ಬೂಜು ತುಪ್ಪಟ ರೋಗದ ಭಯ ಹೆಚ್ಚು. ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂದು ನಾನು ಇ-ಮೇಲ್ ಕಳುಹಿಸಿದೆ. ಉತ್ತರ ಬರಲಿಲ್ಲ, ಸಿಂಪಡಣೆ ಮುಗಿದಿರಬೇಕೆಂದು ಸುಮ್ಮನಾದೆ. ಅತ್ತ ಅವರ ಸಂಪರ್ಕ ಕೆಟ್ಟು ಒಂಬತ್ತು ದಿನವಾಗಿತ್ತು. ಎರಡು ಸಲ ಹಾಸ್ಟೆಲಿಗೆ ಫೋನ್ ಮಾಡಿದಾಗಲೂ ನಾನು ಪ್ರಯೋಗ ತಾಕಿನಲ್ಲಿದ್ದೆ. ಭಾನುವಾರ ಊರಿಗೆ ಹೋದಾಗ ಮಾವ ಕೇಳಿದ ಮೊದಲ ಮಾತು, "ಏನಪ್ಪಾ, ಬರೀತೀನಿ ಅಂದೋನು ಬರೀಲೇ ಇಲ್ವಲ್ಲ?" ಅಷ್ಟರಲ್ಲಿ ನಾಲ್ಕು ದಿನ ಸತತವಾಗಿ ಮಳೆ ಬಿದ್ದಿತ್ತು. ಎಲೆಯ ತಳಭಾಗದಲ್ಲೂ ಎಳೆಯ ಗೊಂಚಲಿನ ಮೇಲೂ ಬಿಳಿಯ ಬೂಜು ಹರಡಿತ್ತು.

ಇದಕ್ಕಿಂತಲೂ ಬೇಸರದ ಸಂಗತಿ ಇನ್ನೊಂದಿತ್ತು. ದೋಷ ಲಿನಕ್ಸ್‌ನಲ್ಲೇ ಇದೆಯೆಂದು ತೀರ್ಮಾನಿಸಿ ಹುಡುಗ ಅದನ್ನು ಮೂರು ಬಾರಿ ಅಳಿಸಿ ಹೊಸದಾಗಿ ಹಾಕಿದ್ದ. ಮೊದಲನೆಯ ಬಾರಿಗೇ ಮೂರು ವರ್ಷಗಳ ಲೆಕ್ಕಪತ್ರವೆಲ್ಲ ಅಳಿಸಿಹೋಗಿತ್ತು. ಸಂಪರ್ಕ ಮಾತ್ರ ಬಂದಿರಲಿಲ್ಲ. ನಿಜವಾದ ದೋಷ ಎಲ್ಲಿತ್ತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಅರಿಯುವುದು ಅವಶ್ಯಕ.

ಡಯಲ್-ಅಪ್ ಎಂದರೇನು?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಮನೆಗಳಿಗೆ ಇದ್ದ ದಾರಿಯೆಂದರೆ ದೂರವಾಣಿ ತಂತಿಯೊಂದೇ. ಹಳ್ಳಿಗಳಿಗೆ ಆ ತಂತಿ ಬಂದ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ದ್ವಾರಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿಸಿ ಪರೀಕ್ಷಿಸಲಾಯಿತು. ಹವಾನಿಯಂತ್ರಣದ ಅಗತ್ಯವಿಲ್ಲದೆ ನಮ್ಮ ಬಿಸಿಲು ಧೂಳಿನಲ್ಲೂ ನಡೆಯುವಂತೆ ಅದನ್ನು ರೂಪಿಸಲಾಗಿತ್ತು. ಇಂಥ ಕೇಂದ್ರಗಳಿಂದಾಗಿ ಸಣ್ಣ ಊರುಗಳಿಗೂ ದೂರವಾಣಿ ಬಂತು.

ಈ ತಂತಿ ಮನುಷ್ಯನ ಮಾತಿಗಾಗಿ ಎಳೆದದ್ದು. ಕಂಪ್ಯೂಟರಿನ ಭಾಷೆ ಸೊನ್ನೆ ಮತ್ತು ಒಂದುಗಳ ಸಾಲು. ಅದನ್ನು ತಂತಿ ಒಯ್ಯಬಲ್ಲ ಶಬ್ದವಾಗಿ ಮಾರ್ಪಡಿಸಿ ಕಳುಹಿಸುವ, ಅತ್ತಲಿಂದ ಬಂದ ಶಬ್ದವನ್ನು ಮತ್ತೆ ಸೊನ್ನೆ-ಒಂದುಗಳಾಗಿ ಬದಲಿಸುವ ಉಪಕರಣವೇ ಮೋಡೆಮ್. ಆಗಿನ ಮೋಡೆಮ್‌ಗಳ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ತಂತಿ ಚೆನ್ನಾಗಿದ್ದು 33.6 ಕಿಲೋಬಿಟ್ ವೇಗ ಸಿಕ್ಕಿದರೆ ಒಂದು ಮೆಗಾಬೈಟ್ ಮಾಹಿತಿ ಬರಲು ಸುಮಾರು 4 ನಿಮಿಷ ಹಿಡಿಯುತ್ತಿತ್ತು. ತಂತಿ ಕೆಟ್ಟು ವೇಗ 14.4ಕ್ಕೆ ಇಳಿದರೆ ಅದೇ ಕೆಲಸಕ್ಕೆ 10 ನಿಮಿಷ.

ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಫಿನ್ಲೆಂಡ್ ದೇಶದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದ. ಜಿಪಿಯು-28 ರಾಗಿಯ ಬೀಜವನ್ನು ನೀವು ಸ್ವಂತಕ್ಕೆ ಇಟ್ಟುಕೊಂಡು ನೆರೆಯವರಿಗೂ ಕೊಡುವಂತೆ ಇದನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು, ಹಂಚಬಹುದು. ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ. ಹಳ್ಳಿಯ ಜನರಿಗಾಗಿಯೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ಲಿನಕ್ಸ್‌ನಿಂದಲೇ ನಡೆಯುತ್ತಿತ್ತು.

ಲಿನಕ್ಸ್‌ನ ಇನ್ನೊಂದು ಗುಣವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ತಾನು ಮಾಡಿದ್ದನ್ನೆಲ್ಲ ಅದು ದಿನಚರಿಯಂತೆ ಬರೆದಿಡುತ್ತದೆ. ಯಾವ ಕೊಂಡಿ ಕೂಡಿತು, ಯಾವುದು ಕೂಡಲಿಲ್ಲ ಎಂಬುದು ಆ ದಿನಚರಿಯ ಕೊನೆಯ ಕೆಲವು ಸಾಲುಗಳಲ್ಲಿ ಇರುತ್ತದೆ. ಅದನ್ನು ಓದುವ ತಾಳ್ಮೆ ನಮಗಿರಬೇಕು.

ದೋಷ ಪತ್ತೆಯ ಆರು ಹಂತಗಳು

ಸಂಪರ್ಕವೆಂಬುದು ಆರು ಕೊಂಡಿಗಳ ಸರಪಳಿ. ಪ್ರತಿ ಕೊಂಡಿಗೂ ಒಂದೇ ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ. ಹೌದಾದರೆ ಮುಂದಿನ ಕೊಂಡಿಗೆ ಹೋಗಿ. ಇಲ್ಲವಾದರೆ ಅಲ್ಲೇ ನಿಂತು ಅದನ್ನು ಸರಿಪಡಿಸಿ. ಒಂದು ಸರಿಯಾಗುವವರೆಗೆ ಮುಂದಿನದನ್ನು ಮುಟ್ಟಬಾರದು.

1. ತಂತಿ ಶುದ್ಧವಾಗಿದೆಯೇ?

ಮೋಡೆಮ್ಮಿನಿಂದ ತಂತಿಯನ್ನು ಬಿಡಿಸಿ ಸಾಮಾನ್ಯ ಫೋನಿಗೆ ಸೇರಿಸಬೇಕು. ಡಯಲ್ ಟೋನ್ ಬಂದರಷ್ಟೇ ಸಾಲದು. ಯಾವುದಾದರೂ ಒಂದು ಅಂಕಿ ಒತ್ತಿದರೆ ಟೋನ್ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಕಿವಿಗೊಟ್ಟು ಕೇಳಬೇಕು. ಕರಕರ, ಸುಯ್ ಎಂಬ ಸದ್ದು ಇದ್ದರೆ ತಂತಿಯಲ್ಲಿ ದೋಷವಿದೆ. ಮನುಷ್ಯನ ಕಿವಿ ಆ ಸದ್ದನ್ನು ಬದಿಗಿಟ್ಟು ಮಾತನ್ನು ಗ್ರಹಿಸುತ್ತದೆ. ಮೋಡೆಮ್‌ಗೆ ಅಷ್ಟು ಸಾಮರ್ಥ್ಯವಿಲ್ಲ. "ಫೋನಿನಲ್ಲಿ ಮಾತು ಕೇಳಿಸುತ್ತದೆ, ಆದ್ದರಿಂದ ತಂತಿ ಸರಿಯಾಗಿದೆ" ಎಂದು ತೀರ್ಮಾನಿಸುವುದು ತಪ್ಪು.

ಮಾವನವರ ಮನೆಯಲ್ಲಿ ದೋಷವಿದ್ದದ್ದು ಇಲ್ಲಿಯೇ. ಹಜಾರದ ಫೋನಿನಿಂದ ಹಿತ್ತಲ ಕೋಣೆಯ ಕಂಪ್ಯೂಟರಿಗೆ ಅವರೇ ತಂತಿ ಎಳೆದುಕೊಂಡಿದ್ದರು. ಅಳತೆ ಸಾಲದೆ, ಅಂಗಳದ ಹಲಸಿನ ಮರದ ಬಳಿ ಎರಡು ತುಂಡುಗಳನ್ನು ಹೊಸೆದು ಟೇಪು ಸುತ್ತಿದ್ದರು. ಬಿಸಿಲಿಗೆ ಟೇಪು ಸಡಿಲಾಗಿ ಮಳೆಯ ನೀರು ಒಳಗೆ ಇಳಿದಿತ್ತು. ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಹಜಾರದ ಫೋನು ಆ ಗಂಟಿಗಿಂತ ಹಿಂದೆಯೇ ಇದ್ದುದರಿಂದ ಅದರಲ್ಲಿ ಏನೂ ತೊಂದರೆ ಕಾಣುತ್ತಿರಲಿಲ್ಲ. ಫೋನನ್ನು ಹಿತ್ತಲ ಕೋಣೆಗೆ ತಂದು ಸೇರಿಸಿ ಕೇಳಿದಾಗ ಮಾತ್ರ ಕರಕರ ಸದ್ದು ಸ್ಪಷ್ಟವಾಯಿತು. ಪರೀಕ್ಷೆಯನ್ನು ಕಂಪ್ಯೂಟರ್ ಇರುವ ತುದಿಯಲ್ಲೇ ಮಾಡಬೇಕೆಂಬುದನ್ನು ಇದರಿಂದ ತಿಳಿಯಬಹುದು. ಗಂಟಿಲ್ಲದ ಒಂದೇ ಉದ್ದದ ತಂತಿ ತಂದು ಹಾಕಿದೆವು. ಮೂರು ಬಾರಿ ಲಿನಕ್ಸ್ ಹಾಕಿದರೂ ಹೋಗದಿದ್ದ ದೋಷ ಅರ್ಧ ಗಂಟೆಯಲ್ಲಿ ಹೋಯಿತು.

2. ಮೋಡೆಮ್ ಮಾತಾಡುತ್ತದೆಯೇ?

ಮೋಡೆಮ್‌ನೊಡನೆ ನೇರವಾಗಿ ಮಾತಾಡಲು ಲಿನಕ್ಸ್‌ನಲ್ಲಿ ಮಿನಿಕಾಮ್ ಎಂಬ ಸಾಧನವಿದೆ. ಅದನ್ನು ತೆರೆದು ಇಂಗ್ಲಿಷಿನ ಎ ಮತ್ತು ಟಿ ಅಕ್ಷರಗಳನ್ನು ಒತ್ತಿ ಎಂಟರ್ ಒತ್ತಬೇಕು. "ಓಕೆ" ಎಂಬ ಉತ್ತರ ಬಂದರೆ ಮೋಡೆಮ್ ಜೀವಂತವಾಗಿದೆ. ಉತ್ತರ ಬಾರದಿದ್ದರೆ ಮೂರು ಕಾರಣಗಳಿರಬಹುದು.

ಮೊದಲನೆಯದು, ಕಿಂಡಿಯ ಹೆಸರು ತಪ್ಪಾಗಿರುವುದು. ವಿಂಡೋಸ್‌ನಲ್ಲಿ ಕಾಮ್ 1 ಎನ್ನುವ ಕಿಂಡಿಗೆ ಲಿನಕ್ಸ್‌ನಲ್ಲಿ ಟಿಟಿವೈಎಸ್ ಸೊನ್ನೆ ಎಂದು ಹೆಸರು. ಇಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಕಾಮ್ 2 ಎಂಬುದು ಟಿಟಿವೈಎಸ್ ಒಂದು ಆಗುತ್ತದೆ. ಎರಡನೆಯದು, ಅನುಮತಿ ಇಲ್ಲದಿರುವುದು. ಸಾಮಾನ್ಯ ಬಳಕೆದಾರನಿಗೆ ಆ ಕಿಂಡಿಯನ್ನು ಬಳಸುವ ಅಧಿಕಾರ ಕೊಡದಿದ್ದರೆ ಲಿನಕ್ಸ್ ಬಾಗಿಲು ತೆರೆಯುವುದಿಲ್ಲ. ಅನೇಕ ಲಿನಕ್ಸ್‌ಗಳಲ್ಲಿ ಡಯಲ್‌ಔಟ್ ಎಂಬ ಗುಂಪಿಗೆ ಅವನ ಹೆಸರನ್ನು ಸೇರಿಸಿದರೆ ಸಾಕು. ಮೂರನೆಯದು, ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಅಗ್ಗದ ಮೋಡೆಮ್. ಇವು ಅರ್ಧ ಕೆಲಸವನ್ನು ವಿಂಡೋಸ್‌ನ ಮೇಲೆ ಹೊರಿಸುತ್ತಿದ್ದುದರಿಂದ ವಿನ್‌ಮೋಡೆಮ್ ಎಂಬ ಹೆಸರು ಬಂದಿತ್ತು. ತಕ್ಕ ಚಾಲಕ ತಂತ್ರಾಂಶ ಸಿಗದ ಹೊರತು ಲಿನಕ್ಸ್‌ನಲ್ಲಿ ಇವು ಮೂಗ. ಡಯಲ್-ಅಪ್ ಕಾಲದಲ್ಲಿ ಲಿನಕ್ಸ್ ಬಳಕೆದಾರರನ್ನು ಬಹಳವಾಗಿ ಕಾಡಿದ ತೊಂದರೆ ಇದು. ಹೊರಗಿಡುವ ಪೆಟ್ಟಿಗೆಯ ಮೋಡೆಮ್ ಬೆಲೆ ಹೆಚ್ಚಾದರೂ ತನ್ನ ಕೆಲಸವನ್ನೆಲ್ಲ ತಾನೇ ಮಾಡುತ್ತಿತ್ತು.

3. ಕರೆ ತಲುಪುತ್ತದೆಯೇ?

ಕರೆ ಮಾಡಿದಾಗ ಮೋಡೆಮ್ ಕೊಡುವ ಉತ್ತರವನ್ನು ಅಕ್ಷರಶಃ ಬರೆದುಕೊಳ್ಳಬೇಕು. ಎಲೆಯ ಮೇಲಿನ ಚುಕ್ಕೆಯನ್ನು ನೋಡಿ ರೋಗ ಹೇಳುವಂತೆ ಈ ಉತ್ತರ ನೋಡಿ ದೋಷ ಹೇಳಬಹುದು.

"ನೋ ಡಯಲ್‌ಟೋನ್": ತಂತಿ ಸೇರಿಲ್ಲ, ಅಥವಾ ನಮ್ಮ ವಿನಿಮಯ ಕೇಂದ್ರದ ಟೋನನ್ನು ಮೋಡೆಮ್ ಗುರುತಿಸುತ್ತಿಲ್ಲ. ಹೊರದೇಶದ ಟೋನಿಗೆ ಹೊಂದಿಸಿದ ಮೋಡೆಮ್‌ಗಳಲ್ಲಿ ಇದು ಸಾಮಾನ್ಯ. ಎಟಿ ಅಕ್ಷರಗಳ ಮುಂದೆ ಎಕ್ಸ್ ಮತ್ತು 3 ಸೇರಿಸಿ ಆಜ್ಞೆ ಕೊಟ್ಟರೆ ಟೋನಿಗೆ ಕಾಯದೆ ಕರೆ ಮಾಡುತ್ತದೆ.

"ಬಿಝಿ": ನಿಮ್ಮ ಕಡೆ ಎಲ್ಲವೂ ಸರಿ. ಅತ್ತ ಕಡೆ ದ್ವಾರ ಖಾಲಿಯಿಲ್ಲ. ಕಾದು ಮತ್ತೆ ಪ್ರಯತ್ನಿಸುವುದೇ ಪರಿಹಾರ.

"ನೋ ಕ್ಯಾರಿಯರ್": ಕರೆ ಹೋಯಿತು, ಆದರೆ ಎರಡು ಮೋಡೆಮ್‌ಗಳ ನಡುವೆ ಒಪ್ಪಂದವಾಗಲಿಲ್ಲ. ತಂತಿಯಲ್ಲಿ ಸದ್ದಿದ್ದರೆ ಸಾಮಾನ್ಯವಾಗಿ ಬರುವ ಉತ್ತರ ಇದೇ. ಮತ್ತೆ ಮೊದಲ ಹಂತಕ್ಕೆ ಹೋಗಬೇಕು. ಹಳೆಯ ವಿನಿಮಯ ಕೇಂದ್ರಗಳು ಕೆಲವೊಮ್ಮೆ ಟೋನ್ ಬದಲು ಪಲ್ಸ್ ಮಾದರಿಯ ಡಯಲನ್ನೇ ಬಯಸುತ್ತಿದ್ದವು. ಆಗ ಕರೆಯ ಆಜ್ಞೆಯಲ್ಲಿ ಟಿ ಬದಲು ಪಿ ಅಕ್ಷರ ಹಾಕಬೇಕಾಗುತ್ತಿತ್ತು.

"ಕನೆಕ್ಟ್": ಕೊಂಡಿ ಕೂಡಿತು. ಪಕ್ಕದಲ್ಲಿ ವೇಗದ ಅಂಕಿ ಬಂದರೆ ಅದನ್ನೂ ಬರೆದಿಡಬೇಕು. ದಿನದಿಂದ ದಿನಕ್ಕೆ ಅಂಕಿ ಇಳಿಯುತ್ತಿದ್ದರೆ ತಂತಿ ಕೆಡುತ್ತಿದೆಯೆಂಬ ಮುನ್ಸೂಚನೆ ಅದು.

ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ "ನೆಟ್ ಬರಲಿಲ್ಲ" ಎಂದು ಮಾತ್ರ ಒಂಬತ್ತು ದಿನವೂ ಬರೆದಿದ್ದ. "ನೋ ಕ್ಯಾರಿಯರ್" ಎಂಬ ಎರಡು ಪದ ಬರೆದಿದ್ದರೆ ಮೊದಲ ದಿನವೇ ತಂತಿಯ ಕಡೆ ಗಮನ ಹೋಗುತ್ತಿತ್ತು.

4. ಹೆಸರು, ಗುಪ್ತಪದ ಒಪ್ಪಿತವಾಯಿತೇ?

ಕರೆ ಕೂಡಿದ ಮೇಲೆ ಅತ್ತಲಿನ ಕಂಪ್ಯೂಟರ್ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಕೇಳುತ್ತದೆ. ಒಪ್ಪಿದರೆ ನಿಮ್ಮ ಕಂಪ್ಯೂಟರಿಗೆ ಒಂದು ವಿಳಾಸ ಸಂಖ್ಯೆಯನ್ನು ಕೊಡುತ್ತದೆ. ಈ ಕೆಲಸಕ್ಕೆ ಪಿಪಿಪಿ ಎಂದು ಹೆಸರು. ಕೂಡಿದ ಕೆಲವೇ ಸೆಕೆಂಡಿನಲ್ಲಿ ಕರೆ ಕಡಿದುಹೋದರೆ ದೋಷ ಹೆಚ್ಚಾಗಿ ಇಲ್ಲಿರುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಅದಲುಬದಲು, ಅವಧಿ ಮುಗಿದ ಖಾತೆ, ಇವೇ ಸಾಮಾನ್ಯ ಕಾರಣಗಳು. ಲಿನಕ್ಸ್‌ನಲ್ಲಿ ಕರೆ ಮಾಡಲು ಬಳಸುತ್ತಿದ್ದ ಡಬ್ಲ್ಯೂವಿಡಯಲ್ ಎಂಬ ಸಾಧನದಲ್ಲಿ "ಸ್ಟುಪಿಡ್ ಮೋಡ್" ಅಂದರೆ ದಡ್ಡ ವಿಧಾನ ಎಂಬ ಆಯ್ಕೆಯೊಂದಿತ್ತು. ಅದನ್ನು ಆರಿಸಿದರೆ ಅತ್ತಲಿಂದ ಪ್ರಶ್ನೆ ಬರಲೆಂದು ಕಾಯದೆ ನೇರವಾಗಿ ಪಿಪಿಪಿ ಆರಂಭಿಸುತ್ತಿತ್ತು. ಹೆಸರು ದಡ್ಡವಾದರೂ ಅನೇಕರ ಸಂಪರ್ಕ ಇದರಿಂದಲೇ ಕೂಡಿತು.

5. ದಾರಿ ಸರಿಯಾದ ಕಡೆಗಿದೆಯೇ?

ವಿಳಾಸ ಸಂಖ್ಯೆ ಸಿಕ್ಕಿದ ಮೇಲೂ ಒಂದು ಪುಟವೂ ತೆರೆಯದಿರಬಹುದು. ಹೊರಗೆ ಹೋಗುವ ಮಾಹಿತಿಯನ್ನು ಯಾವ ಬಾಗಿಲಿನಿಂದ ಕಳುಹಿಸಬೇಕೆಂದು ಕಂಪ್ಯೂಟರಿನಲ್ಲಿ ಒಂದು ಮುಖ್ಯ ದಾರಿ ಬರೆದಿರುತ್ತದೆ. ಅದು ಬೇರೆ ಕಡೆಗೆ ತೋರಿಸುತ್ತಿದ್ದರೆ ಮಾಹಿತಿ ಅತ್ತಲೇ ಹೋಗಿ ಕಳೆದುಹೋಗುತ್ತದೆ. ನೀರು ಬಿಟ್ಟಿದ್ದು ದ್ರಾಕ್ಷಿಗೆ, ವಾಲ್ವ್ ತೆರೆದಿದ್ದು ಬೀಳು ಹೊಲಕ್ಕೆ ಎಂಬಂತೆ.

ತಂತಿ ಬದಲಾಯಿಸಿದ ಮೇಲೆ ನಮಗೆ ಎದುರಾದ ಎರಡನೆಯ ದೋಷ ಇದು. "ಕನೆಕ್ಟ್" ಬಂತು, ವಿಳಾಸವೂ ಬಂತು, ಇ-ಮೇಲ್ ಮಾತ್ರ ತೆರೆಯಲಿಲ್ಲ. ದಿನಚರಿ ನೋಡಿದರೆ, ಈಗಾಗಲೇ ಇರುವ ಮುಖ್ಯ ದಾರಿಯನ್ನು ಬದಲಿಸುವುದಿಲ್ಲ ಎಂಬ ಅರ್ಥದ ಒಂದು ಸಾಲು ಇತ್ತು. ಮೂರನೆಯ ಬಾರಿ ಲಿನಕ್ಸ್ ಹಾಕುವಾಗ ಹುಡುಗ ಪುಸ್ತಕವೊಂದನ್ನು ನೋಡಿ, ಎಲ್ಲಿಗೂ ಸೇರದ ನೆಟ್‌ವರ್ಕ್ ಕಾರ್ಡಿಗೆ ಒಂದು ದಾರಿ ಬರೆದುಬಿಟ್ಟಿದ್ದ. ಅದನ್ನು ಅಳಿಸಿದೊಡನೆ ಪುಟ ತೆರೆಯಿತು. ಗಮನಿಸಿ, ಈ ದೋಷ ಮೊದಲು ಇರಲೇ ಇಲ್ಲ. ರೋಗ ಗುರುತಿಸದೆ ಮಾಡಿದ ಚಿಕಿತ್ಸೆಯಿಂದ ಹುಟ್ಟಿಕೊಂಡ ಹೊಸ ರೋಗ ಇದು.

6. ಹೆಸರಿನಿಂದ ವಿಳಾಸ ಸಿಗುತ್ತದೆಯೇ?

ನಾವು ತಾಣಗಳನ್ನು ಹೆಸರಿನಿಂದ ಕರೆಯುತ್ತೇವೆ. ಕಂಪ್ಯೂಟರ್‌ಗಳು ಒಂದನ್ನೊಂದು ಸಂಖ್ಯೆಯಿಂದ ಗುರುತಿಸುತ್ತವೆ. ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಇದನ್ನು ಪರೀಕ್ಷಿಸಲು ಪಿಂಗ್ ಎಂಬ ಆಜ್ಞೆಯಿದೆ. ಕರೆದರೆ "ಓ" ಎನ್ನುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಮೊದಲು ಸಂಖ್ಯೆಗೆ ಪಿಂಗ್ ಮಾಡಿ. ಈಗ ಎಲ್ಲರೂ ಬಳಸುವುದು 8.8.8.8. ಆಮೇಲೆ ಯಾವುದಾದರೂ ತಾಣದ ಹೆಸರಿಗೆ ಮಾಡಿ. ಎರಡಕ್ಕೂ ಉತ್ತರ ಬಾರದಿದ್ದರೆ ದೋಷ 5ನೆಯ ಹಂತದಲ್ಲಿ ಅಥವಾ ಅದಕ್ಕಿಂತ ಹಿಂದೆ ಇದೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ ಮಾತ್ರ. ಸೇವೆ ಒದಗಿಸುವವರು ಕೊಟ್ಟ ಡಿಎನ್‌ಎಸ್ ಸಂಖ್ಯೆಯನ್ನು ಬರೆದರೆ ಸರಿಹೋಗುತ್ತದೆ.

ಇಂದಿಗೂ ಇದೇ ಕ್ರಮ

"ಈಗ ಡಯಲ್-ಅಪ್ ಎಲ್ಲಿದೆ?" ಎಂದು ನೀವು ಕೇಳಬಹುದು. ದೂರವಾಣಿ ತಂತಿಯ ಮೋಡೆಮ್ ಮೂಲೆ ಸೇರಿದೆ, ನಿಜ. ಆದರೆ ತೋಟದ ಮನೆಯ ಹಳೆಯ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ ಕೂಡ ಒಂದು ಮೋಡೆಮ್ಮೇ. 3ಜಿ ಕಾಲದ ಅನೇಕ ಡಾಂಗಲ್‌ಗಳು ಅದೇ ಎಟಿ ಆಜ್ಞೆಗಳಿಗೆ ಉತ್ತರಿಸುತ್ತವೆ. ನಕ್ಷತ್ರ, 99, ಹ್ಯಾಷ್ ಎಂಬ ಸಂಖ್ಯೆಗೆ ಡಯಲ್ ಮಾಡಿ ಅದೇ ಪಿಪಿಪಿ ಮೂಲಕ ಕೂಡುತ್ತವೆ. ಆದ್ದರಿಂದ ಪರೀಕ್ಷೆಯ ಕ್ರಮವೂ ಅದೇ.

ತಂತಿಯ ಬದಲು ಇಲ್ಲಿ ಸಿಗ್ನಲ್ ಮತ್ತು ಸಿಮ್. ಆ ಸಿಮ್ಮನ್ನು ಮೊಬೈಲಿಗೆ ಹಾಕಿ, ಕಂಪ್ಯೂಟರ್ ಇರುವ ಜಾಗದಲ್ಲೇ ನಿಂತು ಇಂಟರ್‌ನೆಟ್ ಬರುತ್ತದೆಯೇ ನೋಡಿ. ಅಂಗಳದಲ್ಲಿ ಬಂದು ಒಳಕೋಣೆಯಲ್ಲಿ ಬಾರದಿದ್ದರೆ ಡಾಂಗಲ್ಲನ್ನು ಉದ್ದದ ಯುಎಸ್‌ಬಿ ಕೇಬಲ್ ಮೂಲಕ ಕಿಟಕಿಯ ಬಳಿ ಇಡಿ.

ಮೋಡೆಮ್ ಕಂಡಿತೇ ಎಂದು ತಿಳಿಯಲು ಎಲ್, ಎಸ್, ಯು, ಎಸ್, ಬಿ ಎಂಬ ಐದಕ್ಷರದ ಆಜ್ಞೆ ಕೊಡಿ. ಕಂಪ್ಯೂಟರಿಗೆ ಸೇರಿಸಿದ ಯುಎಸ್‌ಬಿ ಉಪಕರಣಗಳ ಪಟ್ಟಿ ಬರುತ್ತದೆ. ಕೆಲವು ಡಾಂಗಲ್‌ಗಳು ಮೊದಲು ಸಿಡಿಯಂತೆ ತೋರಿಸಿಕೊಳ್ಳುತ್ತವೆ, ವಿಂಡೋಸ್‌ಗೆ ಬೇಕಾದ ತಂತ್ರಾಂಶ ಅದರೊಳಗೆ ಇರುತ್ತದೆ. ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಾಧನವನ್ನು ಹಾಕಿಕೊಂಡರೆ ಅವು ಮೋಡೆಮ್ ರೂಪಕ್ಕೆ ಬದಲಾಗುತ್ತವೆ.

ಕರೆ ತಲುಪದಿದ್ದರೆ ರೀಚಾರ್ಜ್ ಅವಧಿ ಮತ್ತು ಎಪಿಎನ್ ಎಂಬ ಹೆಸರನ್ನು ನೋಡಿ. ಕಂಪನಿಯಿಂದ ಕಂಪನಿಗೆ ಎಪಿಎನ್ ಬೇರೆ. ಇನ್ನೊಂದು ಮುಖ್ಯ ಸಂಗತಿಯಿದೆ. ಹಲವು ಕಂಪನಿಗಳು 3ಜಿ ಸೇವೆಯನ್ನು ನಿಲ್ಲಿಸಿವೆ. 2016ರಲ್ಲಿ ಬಂದ ಜಿಯೋ ಆರಂಭವಾದದ್ದೇ 4ಜಿಯಿಂದ. ಅಂಥ ಸಿಮ್ಮನ್ನು ಹಳೆಯ 3ಜಿ ಡಾಂಗಲ್‌ಗೆ ಹಾಕಿದರೆ ಇಂಟರ್‌ನೆಟ್ ಸಿಗುವುದಿಲ್ಲ. ಅದಕ್ಕಾಗಿ ಲಿನಕ್ಸನ್ನು ಹೊಸದಾಗಿ ಹಾಕಿಸುವುದು ವ್ಯರ್ಥ.

ಡಾಂಗಲ್ ಬದಲು ಮೊಬೈಲನ್ನೇ ಕೇಬಲ್ ಮೂಲಕ ಸೇರಿಸಿ ಇಂಟರ್‌ನೆಟ್ ಹಂಚಿಕೊಳ್ಳುವುದಾದರೆ 2 ಮತ್ತು 3ನೆಯ ಹಂತಗಳು ಬಹುಮಟ್ಟಿಗೆ ಫೋನಿನೊಳಗೇ ಮುಗಿಯುತ್ತವೆ. 5 ಮತ್ತು 6ನೆಯ ಹಂತಗಳ ಪರೀಕ್ಷೆ ಮಾತ್ರ ತಪ್ಪದು. ಎರಡು ದಾರಿಗಳನ್ನು ಏಕಕಾಲದಲ್ಲಿ ಸೇರಿಸಿ ಗೊಂದಲ ಮಾಡಿಕೊಳ್ಳುವುದು ಈಗಲೂ ಕಂಡುಬರುವ ತಪ್ಪು.

ಮುನ್ನೆಚ್ಚರಿಕೆ ಕ್ರಮಗಳು

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಗೊಬ್ಬರವನ್ನು ಒಟ್ಟಿಗೆ ಹಾಕಿದರೆ ಫಲ ಯಾವುದರಿಂದ ಬಂತೆಂದು ಹೇಳಲಾಗದು. ಇಲ್ಲಿಯೂ ಹಾಗೆಯೇ.

ಬದಲಿಸುವ ಮುನ್ನ ಹಳೆಯದು ಏನಿತ್ತೆಂದು ಬರೆದುಕೊಳ್ಳಿ. ಉಪಯೋಗವಾಗದಿದ್ದರೆ ಹಿಂದಿನ ಸ್ಥಿತಿಗೇ ತನ್ನಿ.

ತೆರೆಯ ಮೇಲೆ ಬಂದ ಮಾತನ್ನು ಇದ್ದಂತೆಯೇ ಬರೆದಿಡಿ. ಇಂಗ್ಲಿಷ್ ಬಾರದಿದ್ದರೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ತಿಳಿದವರಿಗೆ ಕಳುಹಿಸಿ. "ನೆಟ್ ಬರ್ತಿಲ್ಲ" ಎಂದಷ್ಟೇ ಹೇಳಿದರೆ ಎಷ್ಟೇ ತಿಳಿದವರಿಗೂ ಸಹಾಯ ಮಾಡುವುದು ಕಷ್ಟ.

ಲೆಕ್ಕಪತ್ರ, ಸಿಂಪಡಣೆ ದಾಖಲೆ, ಪಹಣಿಯ ಪ್ರತಿ ಮುಂತಾದವನ್ನು ಪೆನ್‌ಡ್ರೈವ್‌ಗೆ ತಿಂಗಳಿಗೊಮ್ಮೆ ನಕಲು ಮಾಡಿ ಬೇರೆ ಕಡೆ ಇಡಿ. ಬಿತ್ತನೆ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿ ಇಡುವವರಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಕೊನೆಯ ಉಪಾಯವಾಗಿರಲಿ. ನಕಲು ಕೈಯಲ್ಲಿಲ್ಲದೆ ಅದಕ್ಕೆ ಕೈಹಾಕಬೇಡಿ.

ಗುಡುಗು ಮಿಂಚಿನ ಸಮಯದಲ್ಲಿ ಹೊರಗಿನಿಂದ ಬರುವ ತಂತಿಯನ್ನೂ ವಿದ್ಯುತ್ ಪ್ಲಗ್ಗನ್ನೂ ಮೊದಲೇ ಬಿಡಿಸಿಡಿ. ಮುಂಗಾರು ಪೂರ್ವದ ಗುಡುಗು ಮಳೆಗೆ ಸುಟ್ಟುಹೋದ ಮೋಡೆಮ್‌ಗಳು ಹಲವು.

ಕೊನೆಯದಾಗಿ, ತುರ್ತು ಸಲಹೆಗೆ ಒಂದೇ ದಾರಿಯನ್ನು ನಂಬಬೇಡಿ. ನಿರೀಕ್ಷಿಸಿದ ಉತ್ತರ ಎರಡು ದಿನದಲ್ಲಿ ಬಾರದಿದ್ದರೆ ಸಂಪರ್ಕವೇ ಕೆಟ್ಟಿರಬಹುದೆಂದು ಶಂಕಿಸಿ, ಫೋನ್ ಮಾಡಿ ಅಥವಾ ಖುದ್ದಾಗಿ ಹೋಗಿ ಕೇಳಿ. ಸಲಹೆ ಕೊಡುವವರಿಗೂ ಈ ಮಾತು ಅನ್ವಯಿಸುತ್ತದೆ. 2004ರಲ್ಲಿ ನಾನು ಒಂದು ಫೋನ್ ಮಾಡಿ "ಮಾವ, ಇ-ಮೇಲ್ ತಲುಪಿತೇ?" ಎಂದು ಕೇಳಿದ್ದರೆ ಆ ತೋಟದ ಅರ್ಧ ಬೆಳೆ ಉಳಿಯುತ್ತಿತ್ತೆಂದು ಇಂದಿಗೂ ಅನಿಸುತ್ತದೆ.

ಅಂದು ಸಂಜೆ ಸಂಪರ್ಕ ಕೂಡಿದಾಗ ಮೊದಲು ತೆರೆದದ್ದು ನಾನೇ ಬರೆದಿದ್ದ ಆ ಇ-ಮೇಲ್. ಮಾವನವರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿಸಿಕೊಂಡರು. ಸಿಂಪಡಿಸಲು ಹೇಳಿದ್ದ ದಿನ ಕಳೆದು ಒಂದು ವಾರವಾಗಿತ್ತು. ಅವರು ಏನೂ ಹೇಳಲಿಲ್ಲ. ಮರುದಿನ ಒಂದು ಹೊಸ ಲೆಕ್ಕದ ಪುಸ್ತಕ ತಂದು, ತಂತಿ ಬದಲಿಸಿದ ದಿನಾಂಕವನ್ನು ಮೊದಲ ಸಾಲಿನಲ್ಲಿ ತಮ್ಮ ಕೈಯಾರೆ ಬರೆದರು. ಅಲ್ಲಿಂದ ಮುಂದೆ ಪಂಪ್‌ಸೆಟ್ಟಿನ ದುರಸ್ತಿಯೂ ಕಂಪ್ಯೂಟರಿನ ದುರಸ್ತಿಯೂ ಒಂದೇ ಪುಸ್ತಕದಲ್ಲಿ ದಾಖಲಾದವು.

ರೈತ ಬಾಂಧವರೂ ಇಂಥ ಒಂದು ಪುಸ್ತಕವನ್ನು ಇಟ್ಟುಕೊಂಡು ಮೇಲೆ ತಿಳಿಸಿದ ಆರು ಹಂತಗಳನ್ನು ಅನುಸರಿಸಿದಲ್ಲಿ, ಬಹುಪಾಲು ದೋಷಗಳನ್ನು ತಾವೇ ಗುರುತಿಸಿ ಅನಾವಶ್ಯಕ ಖರ್ಚನ್ನೂ ಕಾಲಹರಣವನ್ನೂ ತಪ್ಪಿಸಬಹುದು.